ಕಡಿದಾದ ಬದಿಯಿಂದ ಹತ್ತಿ, ಸಾವಕಾಶದ ಬದಿಗೆ ಇಳಿದು: ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ ನನ್ನ ಸೈಕಲ್ ಅನುಭವ

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್ ಎಂಬ ಗುಡ್ಡ-ಕಣಿವೆಗಳ ಸೀಮೆಯ ಸ್ಕಿಪ್ಟನ್ ಊರಿನಿಂದ ಹೊರಟು, ಪಾರ್ಕ್ ರ‍್ಯಾಶ್ ಮತ್ತು ಫ್ಲೀಟ್ ಮಾಸ್ ಎಂಬ ಎರಡು ಏರುಗಳನ್ನು ಒಂದೇ ದಿನ ಕಾಲು ನೆಲಕ್ಕೆ ಊರದೆ ಹತ್ತಿ, ಸಂಜೆಯ ರೈಲಿನ ಹೊತ್ತಿಗೆ ಮತ್ತೆ ಸ್ಕಿಪ್ಟನ್ ಸೇರುವ ಸುಮಾರು 130 ಕಿ.ಮೀ. ಸುತ್ತು ಕಳೆದ ಬೇಸಿಗೆಯಲ್ಲಿ ಕೊನೆಗೂ ನನಗೆ ಒಲಿಯಿತು. ಲೀಡ್ಸ್‌ನಲ್ಲಿ ನನ್ನ ಜೊತೆ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು ಇದನ್ನು ನಂಬಿರಲಿಲ್ಲ. ಗುಡ್ಡ ದಾಟುವುದಾದರೆ ಸಾವಕಾಶವಾಗಿ ಏರುವ ಬದಿಯಿಂದ ಹತ್ತಿ ಕಡಿದಾದ ಬದಿಗೆ ಇಳಿಯಬೇಕು ಎಂಬುದು ಅವರ ವಾದ. ನಾನು ಅದನ್ನು ಪೂರ್ತಿ ತಿರುಗಿಸಿದೆ. ಐವತ್ತರ ಆಸುಪಾಸಿನ ವಯಸ್ಸು, ಸೈಕಲ್ ಸೇರಿ 85 ಕಿಲೋ ತೂಕ ಇರುವ ನನಗೆ ಇದು ಸಾಧ್ಯವಾಗಿದೆ ಎಂದ ಮೇಲೆ, ಈ ಕ್ರಮ ಇನ್ನೂ ಅನೇಕರಿಗೆ ಉಪಯೋಗವಾದೀತು.

ಬೆಂಗಳೂರಿನಲ್ಲಿ ನಂದಿ ಬೆಟ್ಟ ಹತ್ತಿ ಅಭ್ಯಾಸವಾದವರಿಗೆ ಇಲ್ಲಿನ ಎತ್ತರದ ಅಂಕಿಗಳು ಮೊದಲು ಮೋಸ ಮಾಡುತ್ತವೆ. ನಂದಿಯ ರಸ್ತೆ ಏಳೆಂಟು ಕಿ.ಮೀ. ಉದ್ದಕ್ಕೆ ತಿರುವುಗಳಲ್ಲಿ ಸುತ್ತಿ ಸುತ್ತಿ ಏರುವುದರಿಂದ ಒಂದು ಲಯ ಹಿಡಿದು ಕುಳಿತರೆ ಸಾಕು. ಫ್ಲೀಟ್ ಮಾಸ್‌ನ ನೆತ್ತಿ ಸಮುದ್ರಮಟ್ಟದಿಂದ 589 ಮೀ. ಮಾತ್ರ, ಆದರೆ ಇಲ್ಲಿನ ಎಷ್ಟೋ ದಾರಿಗಳು ಹೇರುಕುದುರೆಗಳ ಕಾಲದಿಂದ ಬಂದವು. ಗುಡ್ಡವನ್ನು ಬಳಸಿಕೊಂಡು ಹೋಗುವ ಗೊಡವೆಗೆ ಹೋಗದೆ ನೇರವಾಗಿ ಮೇಲೇರಿಬಿಡುತ್ತವೆ. ಪಾರ್ಕ್ ರ‍್ಯಾಶ್ ಎರಡೂವರೆ ಕಿ.ಮೀ.ಗಿಂತ ಹೆಚ್ಚಿಲ್ಲ, ಆದರೂ ಕೆಲವು ಕಡೆ ಶೇ. 25ರಷ್ಟು ಏರಿದೆ, ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತೈದು ಮೀಟರ್ ಮೇಲೆ.

ಮೊದಲು ನಾನು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿಯನ್ನೇ. 2014ರ ಜುಲೈ 5ರಂದು ಟೂರ್ ಡಿ ಫ್ರಾನ್ಸ್‌ನ ಮೊದಲ ಹಂತ ಲೀಡ್ಸ್‌ನಿಂದ ಹೊರಟು ಸ್ಕಿಪ್ಟನ್, ಕೆಟಲ್‌ವೆಲ್, ಹಾಸ್, ಬಟರ್‌ಟಬ್ಸ್ ಮೂಲಕ ಹ್ಯಾರೊಗೇಟ್ ಮುಟ್ಟಿತ್ತು, ಒಟ್ಟು 190.5 ಕಿ.ಮೀ. ಆ ಜಾಡಿನಲ್ಲಿ ಹೋದ ನನಗೆ ಹಾಸ್ ಊರು ಬರುವಷ್ಟರಲ್ಲೇ ಕಾಲು ಸೋತಿತ್ತು. ಮುಚ್ಚಿದ ರಸ್ತೆಯಲ್ಲಿ ಗುಂಪಾಗಿ ಓಡುವವರಿಗಾಗಿ ಎಳೆದ ದಾರಿ ಅದು. ಬೇಸಿಗೆಯ ಭಾನುವಾರ ಅದೇ ರಸ್ತೆಯಲ್ಲಿ ಕಾರು, ಮೋಟಾರ್‌ಬೈಕುಗಳ ಸಾಲಿನ ನಡುವೆ ಒಬ್ಬನೇ ಗಾಳಿಗೆ ಎದೆಕೊಟ್ಟು ತುಳಿಯುವವನಿಗೆ ಅದು ಹೇಳಿಸಿದ್ದಲ್ಲ. ಆಮೇಲೆ ಒಂದು ಜನಪ್ರಿಯ ಆ್ಯಪ್‌ಗೆ ದಾರಿ ಹುಡುಕುವ ಕೆಲಸ ಒಪ್ಪಿಸಿ ನೋಡಿದೆ. ಅದು ಒಮ್ಮೆ ಲಾರಿಗಳ ಹೆದ್ದಾರಿಗೂ ಇನ್ನೊಮ್ಮೆ ಕುದುರೆ ಸವಾರರ ಮಣ್ಣುದಾರಿಗೂ ನನ್ನನ್ನು ತಳ್ಳಿತು.

ಕೊನೆಗೆ ಕೈ ಹಿಡಿದದ್ದು ಬ್ರಿಟನ್ನಿನ ನಕಾಶೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:50,000 ಅಳತೆಯ ಕಾಗದದ ನಕಾಶೆ. ಅದರಲ್ಲಿ ಶೇ. 14ರಿಂದ 20ರವರೆಗಿನ ಇಳಿಜಾರಿಗೆ ಒಂದು ಬಾಣ, ಅದಕ್ಕೂ ಕಡಿದಾದುದಕ್ಕೆ ಎರಡು ಬಾಣ. ಬಾಣದ ಮೊನೆ ಯಾವಾಗಲೂ ಇಳಿಜಾರಿನತ್ತ ತೋರುತ್ತದೆ. ಒಟ್ಟು ಎಷ್ಟು ಮೀಟರ್ ಹತ್ತಿದೆ ಎಂಬ ಲೆಕ್ಕವನ್ನು ನಾನು ಈಗ ನೋಡುವುದೇ ಇಲ್ಲ. ನನ್ನ ಸುತ್ತು ಅಂದಾಜು 2,000 ಮೀ. ಇದೆ, ಆದರೆ ಅದೇ 2,000 ಮೀಟರನ್ನು ಶೇ. 6ರ ಏರಿನಲ್ಲಿ ಹತ್ತುವುದಕ್ಕೂ ಜೋಡಿ ಬಾಣಗಳಲ್ಲಿ ಹತ್ತುವುದಕ್ಕೂ ಸಂಬಂಧವೇ ಇಲ್ಲ. ಜೋಡಿ ಬಾಣ ಎಲ್ಲಿದೆ, ಅದು ನನಗೆ ಎದುರಾಗಿ ಬರುತ್ತದೆಯೋ ಬೆನ್ನಿಗೆ ಬರುತ್ತದೆಯೋ, ಅದಾದ ಮೇಲೆ ಎಷ್ಟು ಕಿ.ಮೀ. ಸುಧಾರಿಸಿಕೊಳ್ಳಲು ಸಿಗುತ್ತದೆ ಎಂಬ ಈ ಮೂರನ್ನೇ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತೇನೆ.

ಜೋಡಿ ಬಾಣ ನನಗೆ ಎದುರಾಗಿಯೇ, ಅಂದರೆ ಹತ್ತುವಾಗಲೇ, ಬರಬೇಕು ಎಂಬುದು ನನ್ನ ನಿಯಮ. ಕಡಿದಾದ ಬದಿಯಲ್ಲಿ ಇಳಿಯುವವನಿಗೆ ವಿಶ್ರಾಂತಿ ಸಿಗುವುದಿಲ್ಲ. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟುತ್ತದೆ, ಒದ್ದೆ ರಸ್ತೆಯ ಜಲ್ಲಿಪುಡಿಯಲ್ಲಿ ಚಕ್ರ ಜಾರುತ್ತದೆ, ಹತ್ತಿ ಸಂಪಾದಿಸಿದ ಎತ್ತರವೆಲ್ಲ ಐದೇ ನಿಮಿಷದಲ್ಲಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಕೆಟಲ್‌ವೆಲ್ ಕಡೆಯಿಂದ ಪಾರ್ಕ್ ರ‍್ಯಾಶ್ ಹತ್ತಿದರೆ ಕಷ್ಟವೆಲ್ಲ ಅರ್ಧ ಗಂಟೆಯೊಳಗೆ ಮುಗಿದು, ಆಚೆಗೆ ಕವರ್‌ಡೇಲ್ ಕಣಿವೆ ಹದಿನೈದು ಕಿ.ಮೀ.ಗೂ ಹೆಚ್ಚು ದೂರ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಪಶ್ಚಿಮದ ಗಾಳಿಯೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಆ ಇಳಿಜಾರಿಗೆ ಗಾಳಿಯೂ ಬೆನ್ನಿಗೆ ಸಿಗುತ್ತದೆ.

ಪಾರ್ಕ್ ರ‍್ಯಾಶ್ ಹತ್ತುವಾಗ ಮೊದಲ ತಿರುವುಗಳೇ ಅತಿ ಕಡಿದು. ತಿರುವಿನ ಒಳ ಅಂಚು ಗೋಡೆಯಂತೆ ಎದ್ದಿರುತ್ತದೆ. ಮೇಲಿನಿಂದ ಕಾರು ಬರುತ್ತಿಲ್ಲವೆಂದು ಖಚಿತವಾದರೆ ಮಾತ್ರ ಹೊರ ಅಂಚಿಗೆ ಹೊರಳಬೇಕು. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಹಿಡಿತ ತಪ್ಪುತ್ತದೆ, ಹಿಂದಕ್ಕೆ ಕುಳಿತರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಸೀಟಿನ ಮೂತಿಯ ಮೇಲೆ ಕುಳಿತು, ಮೊಣಕೈ ಮಡಿಸಿ, ಗಲ್ಲವನ್ನು ಹ್ಯಾಂಡಲ್‌ಗೆ ಹತ್ತಿರ ತಂದರೆ ಎರಡೂ ನೆಲದಲ್ಲೇ ಉಳಿಯುತ್ತವೆ. ನಡುವೆ ಸ್ವಲ್ಪ ಸಡಿಲಾಗುವ ಜಾಗದಲ್ಲಿ ವೇಗ ಹೆಚ್ಚಿಸುವ ಆಸೆಯನ್ನು ತಡೆಯಬೇಕು, ಏಕೆಂದರೆ ನೆತ್ತಿಗೆ ಮುಂಚೆ ಇನ್ನೊಂದು ಕಡಿದಾದ ತುಂಡು ಕಾದಿದೆ. ಆ ಸಡಿಲು ಜಾಗದಲ್ಲಿ ನಾನು ಉಸಿರನ್ನು ಹೇಗೆ ಎಣಿಸುತ್ತೇನೆ ಎಂಬುದನ್ನು ಮಾತ್ರ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದೆಲ್ಲ ಗೇರ್ ಇಲ್ಲದೆ ನಡೆಯುವ ಮಾತಲ್ಲ, ಮತ್ತು ದುಡ್ಡು ಹೋದದ್ದೂ ಅಲ್ಲಿಯೇ. ಮೊದಲು ಇದ್ದದ್ದು ಪೆಡಲ್ ಬಳಿ 34 ಹಲ್ಲಿನ ಚೈನ್‌ರಿಂಗ್, ಹಿಂದಿನ ಚಕ್ರದಲ್ಲಿ ಅತಿ ದೊಡ್ಡದೆಂದರೆ 28 ಹಲ್ಲು. ಜೋಡಿ ಬಾಣದಲ್ಲಿ ಮೊಣಕಾಲು ಕಿರುಗುಟ್ಟಿತು. ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು), ಅದಕ್ಕೆ ಹೊಂದುವ, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಉದ್ದ ಡಿರೇಲರ್, ಹೊಸ ಚೈನ್ ಸೇರಿ ಸುಮಾರು 130 ಪೌಂಡ್ ಆಯಿತು. ಆದರೂ ಶೇ. 20ರ ಏರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ನನ್ನ ತೂಕಕ್ಕೆ 340 ವ್ಯಾಟ್ ಹತ್ತಿರ ಬೇಕು, ಅಷ್ಟು ನನ್ನ ಕಾಲಿನಲ್ಲಿಲ್ಲ. ಆಮೇಲೆ ಮುಂದಿನ ಚೈನ್‌ರಿಂಗ್ ಜೋಡಿಯನ್ನೇ 46 ಮತ್ತು 30 ಹಲ್ಲಿನವಕ್ಕೆ ಬದಲಿಸಿದೆ. ಅದಕ್ಕೆ ಮತ್ತೆ ನೂರೈವತ್ತು ಪೌಂಡ್ ಖರ್ಚು. ಈಗ 50 ಸುತ್ತಿನಲ್ಲಿ ಗಂಟೆಗೆ ಐದೂವರೆ ಕಿ.ಮೀ. ವೇಗದಲ್ಲಿ, 250 ವ್ಯಾಟ್‌ನಲ್ಲಿ ಕೆಲಸ ಆಗುತ್ತದೆ. ಇದು ಸಾಮಾನು ಹೊತ್ತು ದೇಶ ಸುತ್ತುವವರ ಗೇರ್ ಎಂದು ಹಂಗಿಸಿದ ಗೆಳೆಯರೊಬ್ಬರು ಅದೇ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಾಗ ನಾನು ಅವರ ಪಕ್ಕದಲ್ಲೇ ತುಳಿಯುತ್ತಾ ಮುಂದೆ ಹೋದೆ.

ಕವರ್‌ಡೇಲ್ ಇಳಿದು ವೆನ್ಸ್ಲಿಡೇಲ್ ಕಣಿವೆಯಲ್ಲಿ ಪಶ್ಚಿಮಕ್ಕೆ ತಿರುಗಿದ ಕೂಡಲೇ ಗಾಳಿ ಎದುರಾಗುತ್ತದೆ. ಆ ಕಣಿವೆಯ ನದಿಯ ದಕ್ಷಿಣಕ್ಕಿರುವ ಎ684 ಹೆದ್ದಾರಿಯನ್ನು ಬಿಟ್ಟು, ಉತ್ತರದ ದಂಡೆಯ ಕಾರ್ಪರ್‌ಬಿ, ಆಸ್ಕ್ರಿಗ್ ಊರುಗಳ ಹಿಂದಾರಿ ಹಿಡಿದರೆ ಕಲ್ಲುಗೋಡೆ ಮತ್ತು ಮರಗಳ ಮರೆ ಸಿಗುತ್ತದೆ. ಸುಣ್ಣವಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಈ ಗೋಡೆಗಳಿಂದ ಇನ್ನೊಂದು ಲಾಭವೂ ಇದೆ, ಅದು ನನಗೆ ದಕ್ಷಿಣ ಇಂಗ್ಲೆಂಡಿನ ಸರ್ರೆ, ಚಿಲ್ಟರ್ನ್ಸ್ ಗುಡ್ಡಗಳಲ್ಲಿ ಪ್ರಯೋಗ ಮಾಡಿದಾಗಲೇ ತಿಳಿದದ್ದು. ಅಲ್ಲಿ ಸೀಮೆಸುಣ್ಣದ ನೆಲದ ಫ್ಲಿಂಟ್ ಕಲ್ಲಿನ ಚೂರು ಮಳೆಯಲ್ಲಿ ರಸ್ತೆಗೆ ಹರಿದು ಬರುತ್ತದೆ. ಆಗಸ್ಟ್ ಕಳೆದು ರೈತರು ಬೇಲಿ ಕತ್ತರಿಸಲು ತೊಡಗಿದರೆ ಮುಳ್ಳೂ ಸೇರುತ್ತದೆ. ಅಲ್ಲಿ ಒಂದೇ ವಾರಾಂತ್ಯದಲ್ಲಿ ಟ್ಯೂಬುಗಳಿಗೆ ತೆತ್ತ ಹಣದಲ್ಲಿ ಒಂದು ಒಳ್ಳೆಯ ಟೈರ್ ಬರುತ್ತಿತ್ತು. ಮುಳ್ಳುಬೇಲಿಯ ಬದಲು ಕಲ್ಲುಗೋಡೆಗಳಿರುವ ಡೇಲ್ಸ್‌ನಲ್ಲಿ 28 ಮಿ.ಮೀ. ಟೈರ್ ಹಾಕಿದ ಮೇಲೆ ಪಂಕ್ಚರ್ ಬಹಳ ಅಪರೂಪವಾಗಿದೆ. ಗಾಳಿ ಎಷ್ಟು ತುಂಬುತ್ತೇನೆ ಎಂಬುದು ಬಹಳ ಹಾಳು ಮಾಡಿ ಕಲಿತ ಲೆಕ್ಕ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕವರ್‌ಡೇಲ್‌ನಲ್ಲಿ ಅಂಗಡಿಯನ್ನು ನಂಬಿಕೊಂಡು ಹೋಗಬಾರದು. ಎರಡು ಪೌಂಡ್ ಬೆಲೆಯ ಎನರ್ಜಿ ಜೆಲ್‌ಗಳ ಬದಲು ಶೇಂಗಾ ಚಿಕ್ಕಿ ಒಯ್ದು ನೋಡಿದೆ, ಆದರೆ ಚಳಿಗೆ ಅದು ಕಲ್ಲಾಗಿ ಏದುಸಿರಿನಲ್ಲಿ ಅಗಿಯಲಾಗಲಿಲ್ಲ. ಹುರಿಗಡಲೆ ಹಿಟ್ಟಿನ ತಂಬಿಟ್ಟಿಗೆ ಖರ್ಜೂರ, ಚಿಟಿಕೆ ಉಪ್ಪು ಸೇರಿಸಿ ನಿಂಬೆಗಾತ್ರ ಕಟ್ಟಿಕೊಂಡರೆ ಮೆತ್ತಗಿರುತ್ತದೆ, ಗಂಟೆಗೆರಡು ಸಾಕು.

ಹಾಸ್‌ನಲ್ಲಿ ನೀರು ತುಂಬಿಸಿಕೊಂಡು ಗೇಲ್ ಊರಿನ ಮೂಲಕ ಫ್ಲೀಟ್ ಮಾಸ್ ಹಿಡಿದರೆ, ಅತಿ ಕಡಿದಾದ ಭಾಗ ನೆತ್ತಿಯ ಹತ್ತಿರ ಇರುವುದರಿಂದ ಕೆಳಗೆ ಶಕ್ತಿ ಉಳಿಸಲೇಬೇಕು. ಆಚೆ ಬದಿ ಮೊದಲೆರಡು ಕಡೆ ಬ್ರೇಕ್ ಬೇಕಾದರೂ, ಲ್ಯಾಂಗ್‌ಸ್ಟ್ರಾತ್‌ಡೇಲ್ ಸೇರಿದ ಮೇಲೆ ವಾರ್ಫ್ ನದಿಯ ಪಕ್ಕದಲ್ಲೇ ಹಬ್ಬರ್‌ಹೋಮ್ ತನಕ ರಸ್ತೆ ತಾನಾಗಿ ಒಯ್ಯುತ್ತದೆ. ಬೇಲಿಯಿಲ್ಲದ ಕಡೆ ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ. ದನ ತಡೆಯುವ ಕಬ್ಬಿಣದ ಜಾಲರಿಗಳನ್ನು, ಅದರಲ್ಲೂ ಮಳೆಯಲ್ಲಿ, ಸೈಕಲ್ ವಾಲಿಸದೆ ನೇರವಾಗಿ ದಾಟಬೇಕು. ಬಕ್ಡನ್, ಕೆಟಲ್‌ವೆಲ್ ಕಳೆದ ಮೇಲೆ ಮುಖ್ಯರಸ್ತೆಗಿಂತ ಕೊನಿಸ್ಟನ್ ಊರಿನ ಕಿರಿದಾರಿಯೇ ಒಳ್ಳೆಯದು. ಸ್ಕಿಪ್ಟನ್‌ನಿಂದ ಲೀಡ್ಸ್‌ಗೆ ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಬೇಕಿಲ್ಲ. ಮುಂದಿನ ಬೇಸಿಗೆಗೆ ಇದೇ ಗೇರ್ ಹಾಕಿಕೊಂಡು ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್‌ಗೆ ಹೋಗಲಿದ್ದೇನೆ. ಅಲ್ಲಿ ಎರಡೂ ಬದಿ ಕಡಿದಾಗಿರುವುದರಿಂದ ನನ್ನ ನಿಯಮ ನಡೆಯುವುದಿಲ್ಲ. ಒಣ ದಿನಕ್ಕಾಗಿ ಕಾಯುವ ಲೆಕ್ಕ ಹಾಕಿ, ಹೊಸ ಬ್ರೇಕ್ ಪ್ಯಾಡುಗಳಿಗೆ ಈಗಲೇ ಮೂವತ್ತು ಪೌಂಡ್ ತೆಗೆದಿಟ್ಟಿದ್ದೇನೆ.