ಹಳೆಯ ಫೆಂಡರ್ ಬೇಸ್ ಕೊಳ್ಳುವ ಮುನ್ನ ಬಿಚ್ಚಿ ನೋಡಿ

ಜಾತ್ರೆಯಲ್ಲಿ ಎತ್ತಿನ ವಯಸ್ಸು ತಿಳಿಯಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರಿನ ವಯಸ್ಸೂ ಹೊರಗಿನ ಬಣ್ಣದಲ್ಲಿಲ್ಲ, ಸ್ಕ್ರೂ ಬಿಚ್ಚಿದರೆ ಮಾತ್ರ ಕಾಣುತ್ತದೆ. ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ತಯಾರಾದ ಎರಡು ಫೆಂಡರ್ ಮಾದರಿಗಳ ಬಗ್ಗೆ: 1951ರಲ್ಲಿ ಬಂದ ಪ್ರಿಸಿಷನ್ ಮತ್ತು 1960ರಲ್ಲಿ ಬಂದ ಜಾಝ್. 1965ರ ಜನವರಿಯಲ್ಲಿ ಕಂಪನಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋಯಿತು. ಅದಕ್ಕೆ ಮುಂಚಿನ ಬೇಸ್‌ಗಳ ಬೆಲೆ 70ರ ದಶಕದವುಗಳ ಹಲವು ಪಟ್ಟು. ಮೋಸ ನಡೆಯುವುದೂ ಅಲ್ಲೇ.

ಕಂಪನಿ ಕಟ್ಟಿದ ಲಿಯೋ ಫೆಂಡರ್, ಬೆರಳಾಡುವ ಉದ್ದನೆಯ ಕತ್ತು ಅಂದರೆ ನೆಕ್ ಅನ್ನು ಬಾಡಿಯ (ವಾದ್ಯದ ಒಡಲಿನ) ಮೇಲೆ ಅಂಟಿಸದೆ ಸ್ಕ್ರೂ ಹಾಕಿ ಕೂರಿಸಿದರು. ರಿಪೇರಿ ಸುಲಭವಾಯಿತು, ಒಂದರ ನೆಕ್ಕನ್ನು ಇನ್ನೊಂದರ ಬಾಡಿಗೆ ಜೋಡಿಸುವುದೂ ಅಷ್ಟೇ ಸುಲಭವಾಯಿತು. ಹಾಗಾಗಿ ‘ಇದು ಯಾವ ವರ್ಷದ್ದು’ ಎಂದು ಇಡೀ ವಾದ್ಯವನ್ನು ಕೇಳಿ ಪ್ರಯೋಜನವಿಲ್ಲ. ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಹೊರಡುವ ಮುಂಚೆ

ನೆಕ್‌ನ ಹಿಮ್ಮಡಿ (ಬಾಡಿಯೊಳಗೆ ಕೂರುವ ತುದಿ), ಅದು ಕೂರುವ ಗುಂಡಿ, ಪಾಟ್‌ಗಳ (ವಾಲ್ಯೂಮ್, ಟೋನ್ ತಿರುಗಣೆಗಳ ಕೆಳಗಿನ ಭಾಗ) ಬೆನ್ನು, ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಸುರುಳಿ) ತಳ – ಇವುಗಳ ಫೋಟೊ ಕೇಳಿ. ‘ಯಾವತ್ತೂ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ’ ಎನ್ನುವ ಮಾರಾಟಗಾರನಿಗೆ ಬಿಡಿಭಾಗಗಳ ಬೆಲೆಗಿಂತ ಹೆಚ್ಚು ಕೊಡಬೇಡಿ. ನೋಡಲು ಹೋಗುವಾಗ ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಮೆಕ್ಯಾನಿಕ್‌ಗಳು ಸಂದು ಅಳೆಯಲು ಬಳಸುವ ಫೀಲರ್ ಗೇಜ್, ಉಕ್ಕಿನ ಸ್ಕೇಲ್, ಸಣ್ಣ ಟಾರ್ಚ್, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಮತ್ತು ಒಂದು ಗಿಟಾರ್ ಕೇಬಲ್ ಜೊತೆಗಿರಲಿ.

ಮೊದಲು ನೆಕ್

ಪಿಕಪ್ ಹೋದರೆ ಮತ್ತೆ ಸುತ್ತಿಸಬಹುದು, ಪಾಟ್ ಬದಲಿಸಬಹುದು. ತಿರುಚಿದ ನೆಕ್ ಮಾತ್ರ ದುಡ್ಡು ನುಂಗುತ್ತದೆ. ತಂತಿಗಳು ಸರಿಯಾದ ಶ್ರುತಿಯಲ್ಲಿರುವಾಗಲೇ ನೋಡಿ. ಸಡಿಲ ತಂತಿಯ ನೆಕ್ ಯಾವ ಸತ್ಯವನ್ನೂ ಹೇಳುವುದಿಲ್ಲ. ಬಡಗಿ ಹಲಗೆಯ ಅಂಕುಡೊಂಕು ನೋಡುವಂತೆ ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ತಂತಿಗಳ ಬುಡದಲ್ಲಿರುವ ಬ್ರಿಡ್ಜ್ ಕಡೆಗೆ ನೆಕ್‌ನ ಎರಡೂ ಅಂಚುಗಳನ್ನು ನೋಡಿ. ಎರಡೂ ಒಂದೇ ರೀತಿ ಬಾಗಿದ್ದರೆ ನೆಕ್‌ನೊಳಗಿನ ಉಕ್ಕಿನ ಸರಳು, ಟ್ರಸ್ ರಾಡ್‌ನಿಂದ ಸರಿಹೋಗುತ್ತದೆ. ಒಂದು ಬಾಗಿ ಇನ್ನೊಂದು ನೆಟ್ಟಗಿದ್ದರೆ ನೆಕ್ ತಿರುಚಿದೆ ಎಂದೇ ಅರ್ಥ.

ಈಗ ದಪ್ಪ ಇ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ (ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಎಂಟನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವಿನ ಸಂದನ್ನು ಅಳೆಯಿರಿ. 0.35 ಮಿಮೀ ಆಸುಪಾಸು ಇದ್ದರೆ ಒಳ್ಳೆಯದು. ಒಂದು ಮಿಮೀ ಹತ್ತಿರ ಬಂದರೆ ರಾಡ್ ಇನ್ನೂ ತಿರುಗುತ್ತದೆಯೇ ಎಂದು ತಿಳಿಯಲೇಬೇಕು. ಈ ಹಳೆಯ ಮಾದರಿಗಳಲ್ಲಿ ರಾಡ್‌ನ ನಟ್ ಇರುವುದು ನೆಕ್‌ನ ಹಿಮ್ಮಡಿಯಲ್ಲಿ, ಬಾಡಿಯೊಳಗೆ. 70ರ ದಶಕದ ನಡುವೆ ಬಂದ ಮೂರು ಸ್ಕ್ರೂಗಳ ಜಾಝ್‌ನಲ್ಲಿ ಮಾತ್ರ ಅದು ತಲೆಯ ಕಡೆಗಿದೆ. ನಟ್ ಪೂರ್ತಿ ಬಿಗಿಯಾಗಿದ್ದೂ ನೆಕ್ ಇನ್ನೂ ಬಾಗಿದ್ದರೆ, ಆ ರಾಡ್‌ನ ಕೆಲಸ ಮುಗಿದಿದೆ.

ಇನ್ನೊಂದು ರೋಗ, 15ನೇ ಫ್ರೆಟ್ ದಾಟಿದ ಮೇಲೆ ಫ್ರೆಟ್ ಹಲಗೆ ಸ್ವಲ್ಪ ಮೇಲಕ್ಕೆದ್ದಿರುವುದು. ತಂತಿಯನ್ನು 17ನೇ ಫ್ರೆಟ್‌ನಲ್ಲಿ ಇ ಕಡೆ 2.8, ತೆಳುವಾದ ಜಿ ತಂತಿಯ ಕಡೆ 2.4 ಮಿಮೀ ಎತ್ತರಕ್ಕೆ ಇಳಿಸಿದಾಗ ಮೇಲಿನ ಸ್ವರಗಳು ಗಿರಗುಟ್ಟಿದರೆ ಇದೇ ಕಾರಣವಿರಬಹುದು. ಟ್ರಸ್ ರಾಡ್ ಇದನ್ನು ಸರಿಮಾಡದು. ಫ್ರೆಟ್ ಉಜ್ಜಿಸಬೇಕು, ಹೆಚ್ಚಾಗಿದ್ದರೆ ಫ್ರೆಟ್ ಕಿತ್ತು ಹಲಗೆಯನ್ನೇ ತೋಪಡಾ ಹೊಡೆಸಬೇಕು. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಎಲ್ಲೋ ಒಂದು ಸ್ವರ ಬೇಗ ಸತ್ತುಹೋಗುವುದು ಈ ವಂಶದ ಗುಣ. ಅದಕ್ಕೆ ಬೆಲೆ ಇಳಿಸಿ ಎಂದು ಕೇಳುವುದು ನ್ಯಾಯವಲ್ಲ.

ಒಳಗಿನ ತಂತಿ, ಬೆಸುಗೆ

ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಮತ್ತು ಟೋನ್ ಪೂರ್ತಿ ತೆರೆದು, ಇನ್ನೊಂದು ತುದಿಯ ಜ್ಯಾಕ್‌ನ ಮೊನೆಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿಯಿರಿ. 1957ರ ನಂತರದ ಪ್ರಿಸಿಷನ್‌ಗೆ 10ರಿಂದ 11 ಕಿಲೋಓಮ್ ಬರಬೇಕು. 5 ಬಂದರೆ ಸರಣಿಯಲ್ಲಿರುವ ಎರಡು ಸುರುಳಿಗಳಲ್ಲಿ ಒಂದು ಶಾರ್ಟ್ ಆಗಿದೆ. 250ರ ಹತ್ತಿರ ಬಂದರೆ ಸುರುಳಿ ಕಡಿದಿದೆ. ಮೀಟರ್ ತೋರಿಸುತ್ತಿರುವುದು ವಾಲ್ಯೂಮ್ ಪಾಟ್‌ನ ರೋಧವನ್ನು. ಜಾಝ್‌ನ ಎರಡು ಪಿಕಪ್‌ಗಳು ಸಮಾಂತರವಾಗಿರುವುದರಿಂದ ಎರಡೂ ತೆರೆದಾಗ 3.5ರಿಂದ 4, ಒಂದನ್ನು ಮುಚ್ಚಿದಾಗ 7ರ ಆಸುಪಾಸು ಬರುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಏರುತ್ತದೆ. 20 ಡಿಗ್ರಿ ಕೋಣೆಯಲ್ಲಿ 10.5 ತೋರಿಸಿದ ಪಿಕಪ್ ರಾಯಚೂರಿನ ಬೇಸಿಗೆಯಲ್ಲಿ 11 ದಾಟಿದರೆ ಗಾಬರಿ ಬೇಡ.

ಪಾಟ್‌ಗಳ ಬೆನ್ನಿನ ಮೇಲೆ 1376633 ಎಂಬಂಥ ಸಂಖ್ಯೆ ಇರುತ್ತದೆ. 137 ಅಂದರೆ ತಯಾರಕ ಸಿಟಿಎಸ್ (304 ಆದರೆ ಸ್ಟ್ಯಾಕ್‌ಪೋಲ್), 66 ವರ್ಷ, 33 ವಾರ. ಪಾಟ್ ನೆಕ್‌ಗಿಂತ ಹಳೆಯದಾಗಿರುವುದು ಸಹಜ. ಸಿಬಿಎಸ್ 1966ರಲ್ಲಿ ರಾಶಿಗಟ್ಟಲೆ ಪಾಟ್ ಕೊಂಡಿದ್ದರಿಂದ ದಶಕದ ಕೊನೆಯವರೆಗಿನ ವಾದ್ಯಗಳಲ್ಲೂ ಆ ವರ್ಷದ ಪಾಟ್‌ಗಳು ಸಿಗುತ್ತವೆ. ನೆಕ್‌ಗಿಂತ ಹಲವು ವರ್ಷ ಹೊಸದಾದ ಪಾಟ್ ಅಂದರೆ ಬದಲಿಸಿದ್ದು, ಅನುಮಾನವೇ ಬೇಡ. ಆದರೆ ಹಳೆಯ ಪಾಟ್‌ಗಳೂ ಬಿಡಿಯಾಗಿ ಮಾರಾಟವಾಗುತ್ತವೆ, ಆದ್ದರಿಂದ ಸಂಖ್ಯೆಗಿಂತ ಬೆಸುಗೆಯನ್ನು ನಂಬಿ. ಹಳೆಯ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಮೇಲೆ ದೂಳು ಕೂತಿರುತ್ತದೆ. ಹೊಳೆಯುವ ಹನಿ, ಸುತ್ತ ಕಂದು ಅಂಟು ಕಂಡರೆ ಇತ್ತೀಚೆಗೆ ಯಾರೋ ಕೈ ಹಾಕಿದ್ದಾರೆ.

ನೆಕ್ ಬಿಚ್ಚುವಾಗ

ಮಾರಾಟಗಾರನ ಕೈಯಲ್ಲೇ ಬಿಚ್ಚಿಸಿ. ತಂತಿ ಸಡಿಲಿಸದೆ ಸ್ಕ್ರೂ ತೆಗೆದರೆ ಗುಂಡಿಯ ತೆಳು ಅಂಚು ಸಿಗಿಯುತ್ತದೆ. ಹಿಮ್ಮಡಿಯಲ್ಲಿ 1962ರ ಆರಂಭದವರೆಗೆ ಪೆನ್ಸಿಲ್ ಬರಹ, ಅಲ್ಲಿಂದ ಮುಂದೆ ಶಾಯಿಯ ಮುದ್ರೆ. ಮುದ್ರೆಯ ಮೊದಲ ಅಂಕಿಯನ್ನು ತಾರೀಖು ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಅದು ಮಾದರಿಯ ಸಂಕೇತ, ಪ್ರಿಸಿಷನ್‌ಗೆ 5, ಜಾಝ್‌ಗೆ 7. ಆಮೇಲೆ ತಿಂಗಳು, ವರ್ಷ. ಕೊನೆಯ ಅಕ್ಷರ ತಲೆಯ ಬಳಿಯ ಅಗಲ: ಎ ಅಂದರೆ ಒಂದೂವರೆ ಇಂಚು, ಸಿ ಅಂದರೆ ಒಂದೂಮುಕ್ಕಾಲು. ಗುಂಡಿಯಲ್ಲಿ ರಟ್ಟಿನ ಚೂರು ಸಿಕ್ಕರೆ ಅದು ಕಾರ್ಖಾನೆಯದೇ ಇರಬಹುದು, ಎಸೆಯಬೇಡಿ.

ಬೆನ್ನಿನ ಲೋಹದ ತಗಡಿನ ಸೀರಿಯಲ್ ನಂಬರಿಗೆ ಜನ ಕೊಡುವ ಮರ್ಯಾದೆ ಅತಿಯಾಯಿತು. ನಾಲ್ಕು ಸ್ಕ್ರೂ ತೆಗೆದರೆ ಅದೂ ಬೇರೆಯದಕ್ಕೆ ಹೋಗುತ್ತದೆ. ಎಲ್ ಅಕ್ಷರದ ನಂಬರ್ 1963ರಿಂದ 65ರದ್ದು, ದೊಡ್ಡ ಎಫ್ ಕೊರೆದದ್ದು 1965ರಿಂದ 76ರದ್ದು. ವಿ ಅಕ್ಷರದಿಂದ ಶುರುವಾದರೆ ಅದು 1982ರ ನಂತರದ ಮರುತಯಾರಿ.

ಬಣ್ಣ ಮತ್ತು ತೂತುಗಳು

60ರ ದಶಕದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಕತ್ತಲಲ್ಲಿ ಯುವಿ ಬೆಳಕಿಗೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಮೇಲೆ ತೇಪೆ ಬಳಿದಿದ್ದರೆ ಆ ಜಾಗ ಕಪ್ಪಗೆ ಕಾಣುತ್ತದೆ. ಬಣ್ಣ ಮರುಬಳಿದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುವುದು ವ್ಯಾಪಾರದ ರೂಢಿ. ಕಪಾಟಿನಲ್ಲಿಡಲು ಅಲ್ಲ, ನುಡಿಸಲು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ: ನೆಕ್ಕೂ ಪಿಕಪ್ಪೂ ಮೂಲದವು, ಬಣ್ಣ ಮಾತ್ರ ಹೊಸದು. ಪಿಕಪ್ ಮತ್ತು ಬ್ರಿಡ್ಜ್ ಹತ್ತಿರದ ಸಣ್ಣ ತೂತುಗಳು ಕಳೆದುಹೋದ ಕ್ರೋಮ್ ಮುಚ್ಚಳಗಳವು, ಜಿ ತಂತಿಯ ಕೆಳಗಿನವು ಬೆರಳೂರುವ ಪಟ್ಟಿಯವು. ಅವೆಲ್ಲ ಕಾರ್ಖಾನೆಯವೇ.

ಅಮೆರಿಕದಲ್ಲಿ ಕೊಂಡು ಊರಿಗೆ ತರುವವರು ಫ್ರೆಟ್ ಹಲಗೆಯ ಮರವನ್ನು ಗಮನಿಸಬೇಕು. 1959ರಿಂದ 60ರ ದಶಕದ ನಡುವಿನವರೆಗೆ ಬಳಸಿದ್ದು ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಆಮೇಲೆ ಬಂದದ್ದು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆಯ ಜಾತಿ. ಅದರಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಿಂದ ಸೈಟಿಸ್ ವಿನಾಯಿತಿ ಇದೆ.

ಮನೆಗೆ ತಂದ ಮೇಲೆ ಪೆಟ್ಟಿಗೆಯನ್ನು ಒಂದು ದಿನ ಮುಚ್ಚಿಯೇ ಇಡಿ, ವಿಮಾನದ ಚಳಿಯಿಂದ ನೇರ ಕರಾವಳಿಯ ಸೆಕೆಗೆ ತೆರೆದರೆ ಲ್ಯಾಕರ್ ಬಿರುಕು ಬಿಡಬಹುದು. ಟ್ರಸ್ ರಾಡ್ ಅನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ರಬ್ಬರ್ ತಾಗುವ ಸ್ಟ್ಯಾಂಡ್‌ನಲ್ಲಿ ನಿಲ್ಲಿಸುವುದಾದರೆ ಹತ್ತಿ ಬಟ್ಟೆ ಸುತ್ತಿ. ರಬ್ಬರ್ ನೈಟ್ರೋ ಲ್ಯಾಕರನ್ನು ಕರಗಿಸಿ ಅಂಟಿಕೊಳ್ಳುತ್ತದೆ.