ಹೊರಗಿನ ದುಡ್ಡು ಹಾಕದೇ ಸಂಘ ಕಟ್ಟೋದು ಹೇಗೆ: ಇಥಿಯೋಪಿಯಾದಲ್ಲಿ ಮಾಡಿದ ರೀತಿ

ಚರ್ಚಿನವರೋ, ಟ್ರಸ್ಟಿನವರೋ, ಇಲ್ಲಾ ಹೊರದೇಶದಲ್ಲಿರೋ ನಮ್ಮೋರೇ ನಾಲ್ಕು ಜನ ಸೇರ್ಕೊಂಡೋ ಆಫ್ರಿಕಾದ ಒಂದು ಹಳ್ಳಿಗೆ ಏನಾದ್ರೂ ಮಾಡೋಣ ಅಂತ ಹೊರಟರೆ ಮೊದಲು ತಲೆಗೆ ಬರೋದು ಬೋರ್‌ವೆಲ್ಲು, ಶಾಲೆ ಕಟ್ಟಡ, ಮೇಕೆ ಹಂಚೋದು. ಬ್ರಿಟನ್ನಿನ ಟಿಯರ್‌ಫಂಡ್ ಅನ್ನೋ ಕ್ರಿಶ್ಚಿಯನ್ ಸಂಸ್ಥೆ (1968ರದ್ದು) ಇಥಿಯೋಪಿಯಾದಲ್ಲಿ ಬೇರೆ ದಾರಿ ಹಿಡೀತು. 2002ರಲ್ಲಿ ಅಲ್ಲಿನ ಕಾಲೆ ಹೇವೆತ್ ಚರ್ಚಿನ ಜೊತೆ ಸೇರಿ ಅಡಾಮಾ ಅನ್ನೋ ಊರಲ್ಲಿ ಶುರು ಮಾಡಿದ್ದು ಬರೀ 5 ಉಳಿತಾಯದ ಗುಂಪು, ಎಲ್ಲಾ ಸೇರಿದ್ರೂ ನೂರು ಜನ. ಹತ್ತು ವರ್ಷ ಕಳೆಯೋದ್ರಲ್ಲಿ ಅದು ಸಾವಿರಾರು ಗುಂಪಾಗಿತ್ತು.

ಮಾದರಿ ಮಾತ್ರ ಭಾರತದ್ದೇ, ನಮ್ಮ ಸ್ವಸಹಾಯ ಸಂಘದ್ದು. ಮೈರಾಡ ಸಂಸ್ಥೆ 80ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಂಘ ಬೆಳೆಸಿದ್ದು, ಆಮೇಲೆ 1992ರಲ್ಲಿ ನಬಾರ್ಡ್ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗಕ್ಕೆ ಕೈ ಹಾಕಿದ್ದು ಇದೆಲ್ಲಾ ನಮಗೆ ಗೊತ್ತಿರೋ ಕಥೆ. ಹಂಗಾಗಿ ಅರ್ಧ ವಿದ್ಯೆ ನಿಮಗೆ ಆಗ್ಲೇ ಗೊತ್ತು, ಉಳಿದ ಅರ್ಧ ಇಲ್ಲಿದೆ.

ಮೊದಲು ಬೇಕಾಗೋದು ಒಬ್ಬ ಕಾರ್ಯಕರ್ತೆ. ಆ ಸೀಮೆಯವಳೇ ಆಗಿರ್ಬೇಕು, ಅಲ್ಲಿ ಒರೊಮೊ ಆಡಿದ್ರೆ ಒರೊಮೊ, ಅಮ್ಹಾರಿಕ್ ಆಡಿದ್ರೆ ಅಮ್ಹಾರಿಕ್ ಸಲೀಸಾಗಿ ಬರ್ಬೇಕು. ನಿಮ್ಮ ದುಡ್ಡು ಹೋಗ್ಬೇಕಾಗಿರೋದು ಇವಳ ಸಂಬಳಕ್ಕೆ, ತರಬೇತಿಗೆ, ಓಡಾಟದ ಖರ್ಚಿಗೆ, ಅಷ್ಟೇ. ಗುಂಪಿನ ಕಾಸನ್ನ ಅವಳು ಕೈಯಲ್ಲಿ ಮುಟ್ಟೋ ಹಂಗಿಲ್ಲ, ಎಣಿಸಿಕೊಡಿ ಅಂದ್ರೂ ಬೇಡ.

ಆಮೇಲೆ ಊರಿಗೆ ಹೋಗಿ ಕೆಬೆಲೆ ಆಫೀಸಿನವರಿಗೆ (ನಮ್ಮ ಪಂಚಾಯ್ತಿ ಮಟ್ಟದ್ದು), ಪಾದ್ರಿಗೆ, ಇಮಾಮರಿಗೆ, ಹಿರೀಕರಿಗೆ ವಿಷಯ ಹೇಳಿ, ಯಾವ ಮನೆಗಳು ತೀರಾ ಬಡವು ಅಂತ ಊರವರ ಬಾಯಿಂದಲೇ ಹೇಳಿಸಿ. ಒಂದೇ ಮಟ್ಟದಲ್ಲಿರೋ, ಹತ್ತಿರ ಹತ್ತಿರ ಮನೆಯ 15ರಿಂದ 20 ಹೆಂಗಸರು ಸಾಕು. ಅನುಕೂಲಸ್ಥರು ಒಬ್ರು ಒಳಗೆ ಬಂದ್ರೆ ಮಾತೂ ಅವರದ್ದೇ, ಸಾಲವೂ ಅವರಿಗೇ, ನಮ್ಮ ಕಡೆ ನೋಡಿಲ್ವಾ. ಚರ್ಚಿನ ಮೂಲಕ ಹೋದ್ರೂ ಗುಂಪು ಚರ್ಚಿನದ್ದಲ್ಲ ಅನ್ನೋದು ಮೊದಲ ದಿನವೇ ಎಲ್ಲರಿಗೂ ತಿಳೀಬೇಕು, ಆರ್ಥೊಡಾಕ್ಸ್, ಮುಸ್ಲಿಂ, ಪ್ರಾಟೆಸ್ಟೆಂಟ್ ಎಲ್ಲರೂ ಒಂದೇ ಸುತ್ತಿನಲ್ಲಿ ಕೂರಲಿ. ಅಲ್ಲಿ ಇದೇನು ಹೊಸದಲ್ಲ, ಸಾವಿಗೆ ನೆರವಾಗೋ ಇದಿರ್, ಚೀಟಿ ಥರ ಸರದಿ ಮೇಲೆ ಎತ್ತೋ ಇಕುಬ್ ಹಿಂದಿನಿಂದಲೂ ಇವೆ.

ಕಷ್ಟ ಇರೋದು ಇಲ್ಲಿ: ಮೊದಲನೇ ಸಭೆಯಲ್ಲೇ ಯಾರಾದ್ರೂ "ನೀವೆಷ್ಟು ಕೊಡ್ತೀರಾ?" ಅಂತ ಕೇಳೇ ಕೇಳ್ತಾರೆ. ಏನೂ ಕೊಡಲ್ಲ ಅಂತ ನೇರ ಹೇಳ್ಬೇಕು. ಕೆಲವರು ಎದ್ದು ಹೋಗ್ತಾರೆ, ಹೋಗಲಿ, ಹಿಂದೆ ಓಡ್ಬೇಡಿ. ಉಳಿದವರಲ್ಲಿ ತೀರಾ ಕೈಲಾಗದೋಳು ವಾರಕ್ಕೆ ಎಷ್ಟು ಹಾಕ್ತಾಳೋ ಅದೇ ಎಲ್ಲರ ಉಳಿತಾಯ, ಶುರುವಿನಲ್ಲಿ ಒಂದು ಬಿರ್ (ಅಲ್ಲಿನ ನಾಣ್ಯ, ನಮ್ಮ ರೂಪಾಯಿ ಥರ) ಹಾಕ್ತಿದ್ದ ಗುಂಪುಗಳೂ ಇದ್ವು. ಪಾಪ ಅಂತ ನೀವು ಹತ್ತು ಸಾವಿರ ಬಿರ್ ಸುರಿದ್ರೆ ಆವತ್ತೇ ಅದು ನಿಮ್ಮ ದುಡ್ಡಾಯ್ತು, ವಾಪಸ್ ಕಟ್ಟೋ ಗರಜು ಯಾರಿಗೂ ಇರಲ್ಲ. ನಮ್ಮಲ್ಲೂ ಸಾಲ ಸಿಗುತ್ತೆ ಅಂತಲೇ ಹುಟ್ಟಿದ ಸಂಘಗಳ ಗತಿ ಏನಾಯ್ತು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ನಿಯಮ ಅವರೇ ಮಾಡ್ಕೊಳ್ಳಲಿ. ತಡವಾಗಿ ಬಂದ್ರೆ ದಂಡ ಎಷ್ಟು, ಬಾಣಂತಿಗೆ ರಜಾ ಎಷ್ಟು, ಎಲ್ಲಾ. ಖಾಯಂ ಅಧ್ಯಕ್ಷೆ ಬೇಡ, ಸಭೆ ನಡೆಸೋದು ಸರದಿ ಮೇಲೆ ಹೋಗ್ಬೇಕು, ಬಾಯಿ ಬಿಡದೋಳಿಗೂ ಒಂದಿನ ಪಾಳಿ ಬರುತ್ತೆ. ಓದು ಬರಹ ಬರೋರು ಯಾರೂ ಇಲ್ದಿದ್ರೆ ಸದಸ್ಯೆಯ ಮಗಳೇ ಲೆಕ್ಕ ಬರೆದು ಸಭೇಲಿ ಗಟ್ಟಿಯಾಗಿ ಓದಿದ್ರೆ ಆಯ್ತು.

ಕೆಲವು ತಿಂಗಳು ಉಳಿತಾಯ ಆದ್ಮೇಲೆ ಸಾಲ. ಮೊದಮೊದಲು ಔಷಧಿಗೆ, ನೋಟ್‌ಬುಕ್ಕಿಗೆ, ಬೀಜಕ್ಕೆ ಹೋಗುತ್ತೆ, ಅದು ವ್ಯರ್ಥ ಅನ್ಕೋಬೇಡಿ. ಈರುಳ್ಳಿ ತಂದು ಮಾರೋದು, ಕುರಿ ಮೇಯಿಸಿ ಕೊಬ್ಬಿಸಿ ಹಬ್ಬಕ್ಕೆ ಮಾರೋದು ಆಮೇಲೆ ಬರುತ್ತೆ. ಬಡ್ಡಿ ವಿಷಯ ಮಾತ್ರ ಮೊದಲ ಸಾಲಕ್ಕೆ ಮುಂಚೆನೇ ಇತ್ಯರ್ಥ ಆಗ್ಬೇಕು, ಯಾಕಂದ್ರೆ ಮುಸ್ಲಿಂ ಸದಸ್ಯರಿಗೆ ಅದು ಧರ್ಮದ ಪ್ರಶ್ನೆ, ಬಡ್ಡಿ ಬದಲು ಏನು ಅನ್ನೋದನ್ನ ಅವರನ್ನೇ ಕೇಳಿ, ನೀವು ತೀರ್ಪು ಕೊಡೋಕೆ ಹೋಗ್ಬೇಡಿ.

ಇನ್ನು ಬೆಳವಣಿಗೆ. 8-10 ಗುಂಪು ಗಟ್ಟಿಯಾದ್ಮೇಲೆ ಒಂದೊಂದರಿಂದ ಇಬ್ಬರು ಬಂದು ಒಂದು ಕ್ಲಸ್ಟರ್ ಸಂಘ ಮಾಡ್ಕೋತಾರೆ, ಕ್ಲಸ್ಟರುಗಳು ಹೆಚ್ಚಾದ್ರೆ ಒಕ್ಕೂಟ. ಹೊಸ ಗುಂಪು ಹುಟ್ಟಿಸೋದು, ಜಗಳ ಬಿಡಿಸೋದು, ನೀರು ರಸ್ತೆ ಅಂತ ಕೆಬೆಲೆ ಆಫೀಸಿಗೆ ಹೋಗಿ ಕೇಳೋದು ಆಗಿಂದ ಇವರ ಕೆಲಸ, ಕಾರ್ಯಕರ್ತೆ ನಿಧಾನಕ್ಕೆ ಹಿಂದೆ ಸರೀಬೇಕು. ದಾನಿಗಳಿಗೆ ಈ ವರ್ಷ ಎಷ್ಟು ಗುಂಪು ಅನ್ನೋ ಲೆಕ್ಕ ಬೇಕು, ಅದನ್ನ ಅವಳ ತಲೆ ಮೇಲೆ ಹೇರಿದ್ರೆ ಪುಸ್ತಕದಲ್ಲಿ ಮಾತ್ರ ಇರೋ ಗುಂಪುಗಳು ಸಿಗುತ್ವೆ. ಅವಳು ಒಂದು ತಿಂಗಳು ಹೋಗದಿದ್ರೂ ಸಭೆ ನಡೀತಾ ಅಂತ ಕೇಳಿ, ಆ ಲೆಕ್ಕ ಬರ್ಕೊಳ್ಳಿ.

ಬರಗಾಲ ಬಂದಾಗ ಏನು ಮಾಡೋದು ಅನ್ನೋದನ್ನೂ ಮೊದಲೇ ಯೋಚಿಸಿಡಿ. 2015-16ರ ಎಲ್ ನಿನೋ ಬರದಂಥದ್ದು ಬಂದ್ರೆ ವಾರದ ಉಳಿತಾಯ ಸ್ವಲ್ಪ ದಿನ ತಡ್ಕೊಳ್ಳುತ್ತೆ, ಪೂರ್ತಿ ತಡೆಯಲ್ಲ, ಪರಿಹಾರದ ಕಾಳು ಬೇಕೇ ಬೇಕು. ಆದ್ರೆ ಆ ಕಾಳನ್ನ ಸಂಘದ ಪಟ್ಟಿ ಇಟ್ಕೊಂಡು ಹಂಚ್ಬೇಡಿ, ಬೇರೆ ಪಟ್ಟಿ, ಬೇರೆ ಜನ, ಬೇರೆ ಜಾಗ ಇರ್ಲಿ, ಇಲ್ದಿದ್ರೆ ಮುಂದಿನ ವಾರ ಕಾಳಿಗಾಗಿ ಸೇರೋಕೆ ಬಂದೋರನ್ನ ವಾಪಸ್ ಕಳಿಸೋ ಕೆಲಸ ಆ ಹೆಂಗಸರ ಪಾಲಿಗೆ ಬೀಳುತ್ತೆ.