ಗ್ಲೈಡರ್‌ನಲ್ಲಿ ಸ್ಯಾಟಲೈಟ್ ಟ್ರ್ಯಾಕರ್: ನಾನು ಎಲ್ಲಿಟ್ಟುಕೊಂಡೆ

ನಾನು ಗ್ಲೈಡರ್‌ನಲ್ಲಿ, ಅಂದರೆ ಎಂಜಿನ್ ಇಲ್ಲದ ವಿಮಾನದಲ್ಲಿ, ಹಾರುವುದು ಅಮೆರಿಕದ ನೆವಾಡಾದಲ್ಲಿರುವ ಮಿಂಡೆನ್‌ನಿಂದ. ಪಶ್ಚಿಮಕ್ಕೆ ಸಿಯೆರಾ ಬೆಟ್ಟಸಾಲು, ಪೂರ್ವಕ್ಕೆ ಮರುಭೂಮಿ. ಮೊಬೈಲ್ ಸಿಗ್ನಲ್ ಇಲ್ಲದ ಜಾಗವೇ ಜಾಸ್ತಿ. ಅದಕ್ಕೇ ನಾನಿರುವ ಜಾಗವನ್ನು ಉಪಗ್ರಹದ ಮೂಲಕ ಕಳಿಸುವ ಟ್ರ್ಯಾಕರ್, ಗಾರ್ಮಿನ್ ಇನ್‌ರೀಚ್ ಮಿನಿ, ಕೊಂಡೆ. ತೂಕ ಬರೀ ನೂರು ಗ್ರಾಂ. ಆದರೆ ಕಾಕ್‌ಪಿಟ್‌ನಲ್ಲಿ ಎಲ್ಲಿಡೋದು ಅಂತ ಬಹಳ ಯೋಚನೆ ಮಾಡಿದೆ.

ಮುಂದಿನ ಉಪಕರಣಗಳ ಪ್ಯಾನೆಲ್ ಮೇಲೆ ಇಟ್ಟರೆ ಅದರ ಆಂಟೆನಾಗೆ ಆಕಾಶ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ದಿಕ್ಸೂಚಿ ಇರುವುದೂ ಅಲ್ಲೇ. ಟ್ರ್ಯಾಕರ್ ಹತ್ತಿರ ತಂದಾಗ ದಿಕ್ಸೂಚಿ ಅಲುಗಾಡಿದ್ದನ್ನು ನೋಡಿದೆ. ಇನ್ನೊಂದು ತೊಂದರೆ, ಟ್ರ್ಯಾಕರ್ ಇರಿಡಿಯಂ ಉಪಗ್ರಹಗಳಿಗೆ ಕಳಿಸುವ ಸಿಗ್ನಲ್ 1616 ಮೆಗಾಹರ್ಟ್ಸ್‌ನಿಂದ ಮೇಲಿದೆ, ಜಿಪಿಎಸ್ 1575ರಲ್ಲಿದೆ. ಎರಡೂ ಹತ್ತಿರ ಹತ್ತಿರ, ಅಡ್ಡಿಯಾಗಬಹುದು. ಹಾಗಾಗಿ ಹಾರಿದ ದಾರಿಯನ್ನು ಜಿಪಿಎಸ್‌ನಿಂದ ದಾಖಲಿಸುವ ಫ್ಲೈಟ್ ರೆಕಾರ್ಡರ್‌ನ ಆಂಟೆನಾ ಪಕ್ಕದಲ್ಲಿ ಇಡಬಾರದು.

ಪಕ್ಕದ ಗೋಡೆಗೆ ಅಂಟಿಸಬಹುದು. ಗ್ಲಾಸ್‌ಫೈಬರ್ ಆದರೆ ಸಿಗ್ನಲ್ ದಾಟಿ ಹೋಗುತ್ತದೆ, ಕಾರ್ಬನ್ ಫೈಬರ್ ಆದರೆ ತಡೆಯುತ್ತದೆ. ತಲೆಯ ಹಿಂದೆ ಇಟ್ಟರೆ ತುರ್ತು ಸಹಾಯ ಕೇಳುವ ಎಸ್‌ಒಎಸ್ ಗುಂಡಿ ಕೈಗೆಟಕುವುದಿಲ್ಲ. ಹೊಲದಲ್ಲಿ ಜೋರಾಗಿ ಇಳಿದರೆ ಅದೇ ಬಂದು ತಲೆಗೆ ಬಡಿಯುತ್ತದೆ. ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ಅಂದರೆ ಕ್ಯಾನೊಪಿಗೆ, ಅಂಟಿಸುವುದಂತೂ ಬೇಡವೇ ಬೇಡ. ಗ್ಲೈಡರ್ ಬಿಟ್ಟು ಜಿಗಿಯಬೇಕಾದಾಗ ಮೊದಲು ಕಳಚಿ ಎಸೆಯುವುದೇ ಅದನ್ನು, ಅಲ್ವಾ?

ನನ್ನ ತೀರ್ಮಾನ ನಿಂತಿದ್ದೂ ಅಲ್ಲೇ. ಪ್ಯಾರಾಶೂಟ್ ಕಟ್ಟಿಕೊಂಡು ಕೂರುವುದು ಜಿಗಿಯಬೇಕಾಗಿ ಬರಬಹುದು ಅಂತ. ಆಮೇಲೆ ನಾನೊಂದು ಕಡೆ, ಗ್ಲೈಡರ್ ಇನ್ನೊಂದು ಕಡೆ. ಹುಡುಕುವವರಿಗೆ ಬೇಕಾಗಿರುವುದು ನಾನಿರುವ ಜಾಗ. ಹಾಗಾಗಿ ಟ್ರ್ಯಾಕರ್ ನನ್ನ ಮೈಮೇಲೇ ಇರಬೇಕು.

ಪ್ಯಾರಾಶೂಟ್‌ನ ಬಲ ಭುಜದ ಪಟ್ಟಿಗೆ, ಎದೆಯ ಮೇಲ್ಭಾಗದಲ್ಲಿ, ಒಂದು ಸಣ್ಣ ಚೀಲ ಕಟ್ಟಿಕೊಂಡೆ. ಬಲಗಡೆ ಯಾಕೆಂದರೆ ನನ್ನ ಪ್ಯಾರಾಶೂಟ್ ಬಿಚ್ಚುವ ಹಿಡಿ ಎಡಗಡೆ ಇದೆ. ಅದರ ಹತ್ತಿರ ಏನೂ ಇರಬಾರದು. ಪಟ್ಟಿಗೆ ಸೂಜಿ ಹಾಕಲಿಲ್ಲ, ಹೊಲಿಗೆ ಬೇಕಿದ್ದರೆ ಅದು ಪ್ಯಾರಾಶೂಟ್ ಮಡಚಿ ರಿಪೇರಿ ಮಾಡುವ ತಜ್ಞನ, ಅಂದರೆ ರಿಗ್ಗರ್‌ನ, ಕೆಲಸ. ಕ್ಲಿಪ್ ಒಂದನ್ನೇ ನಂಬದೆ ಗಟ್ಟಿ ದಾರವನ್ನೂ ಕಟ್ಟಿದ್ದೇನೆ. ಪ್ಯಾರಾಶೂಟ್ ತೆರೆದುಕೊಳ್ಳುವಾಗಿನ ಎಳೆತಕ್ಕೆ ಕ್ಲಿಪ್ ಕಿತ್ತುಹೋಗಬಹುದು. ಗ್ಲೈಡರ್‌ನಲ್ಲಿ ನಾವು ಹಿಂದಕ್ಕೆ ಒರಗಿ ಕೂರುವುದರಿಂದ ಎದೆಯ ಮೇಲಿನ ಆಂಟೆನಾಗೆ ಆಕಾಶ ಚೆನ್ನಾಗಿಯೇ ಸಿಗುತ್ತದೆ. ಸೀಟ್ ಬೆಲ್ಟ್ ಮಾತ್ರ ಅದರ ಮೇಲೆ ಹಾಯಬಾರದು. ಬೆಲ್ಟ್ ಬಿಗಿದು, ಆಕ್ಸಿಜನ್ ಕೊಳವೆ ಹಾಕಿಕೊಂಡು, ನೆಲದ ಮೇಲೇ ಎರಡೂ ಕೈಯಿಂದ ಗುಂಡಿ ಮುಟ್ಟಿ ನೋಡಿ.

ಎಷ್ಟು ಹೊತ್ತಿಗೊಮ್ಮೆ ಜಾಗ ಕಳಿಸಬೇಕು ಅನ್ನುವುದೂ ಮುಖ್ಯ. 80 ನಾಟ್ (ಗಂಟೆಗೆ ಸುಮಾರು 148 ಕಿ.ಮೀ.) ವೇಗದಲ್ಲಿ ಹತ್ತು ನಿಮಿಷಕ್ಕೆ ಸುಮಾರು 25 ಕಿ.ಮೀ. ದಾಟುತ್ತೇವೆ, ಎರಡು ನಿಮಿಷಕ್ಕೆ 5 ಕಿ.ಮೀ. ದೂರ ಐದು ಪಟ್ಟು ಕಡಿಮೆಯಾದರೆ, ಸುತ್ತಲೂ ಹುಡುಕಬೇಕಾದ ವಿಸ್ತೀರ್ಣ ಇಪ್ಪತ್ತೈದು ಪಟ್ಟು ಕಡಿಮೆಯಾಗುತ್ತದೆ. ನಾನು ಎರಡು ನಿಮಿಷಕ್ಕೇ ಇಟ್ಟಿದ್ದೇನೆ, ಬ್ಯಾಟರಿ ಬೇಗ ಖಾಲಿಯಾದರೂ ಪರವಾಗಿಲ್ಲ.

ಊರಿಗೆ ಬರುವಾಗ ಮಾತ್ರ ಇದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಅನುಮತಿ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ.